ಶುಕ್ರವಾರದ ಕಾರ್ಡೋಬಾ

ಹಮ್ದಾನ್ ಸ್ಟ್ರೀಟ್, ಅಬುಧಾಬಿ
2 ಏಪ್ರಿಲ್ 1998, ಗುರುವಾರ

ಯಾಕೂಬ್,

ಲಕೋಟೆಯ ಮೇಲಿನ ಕೈಬರಹ ಯಾರದೆಂದು ಗೊತ್ತಾದ ಮೇಲೂ ಹರಿದು ಬಿಸಾಡದೆ ಇಲ್ಲಿಯವರೆಗೆ ಓದಿದ್ದರೆ, ಮೊದಲು ಅದಕ್ಕೆ ನಿನಗೆ ಉಪಕಾರ. ನಿನ್ನ ಕಂಪೆನಿಯ ಪೋಸ್ಟ್ ಬಾಕ್ಸ್ ನಂಬರನ್ನು ನಮ್ಮ ಹಳೆ ರೂಮಿನ ಜುವಾಕಿಂ ಕೊಟ್ಟ. ಕಂಪೆನಿಯ ಪೆಟ್ಟಿಗೆಗೆ ಬಂದ ಕಾಗದವನ್ನು ನಿನಗಿಂತ ಮೊದಲು ಹತ್ತು ಜನ ತಿರುಗಿಸಿ ನೋಡುತ್ತಾರೆಂದು ನನಗೆ ಗೊತ್ತು. ನೋಡಲಿ. ಕನ್ನಡ ಓದಬಲ್ಲವರು ಅಲ್ಲಿ ನಿನ್ನನ್ನು ಬಿಟ್ಟು ಯಾರಿದ್ದಾರೆ?

ನಾನು ಸೌಖ್ಯವಾಗಿದ್ದೇನೆ. ಸಕ್ಕರೆ ಕಾಯಿಲೆ ಬಂದಿದೆ, ಅದೂ ಸೌಖ್ಯವಾಗಿದೆ. ಅಗಾತಾ ಈಗ ಊರು ಬಿಟ್ಟು ಗಂಡನ ಜೊತೆಗೇ ಇದ್ದಾಳೆ, ಆಸ್ಪತ್ರೆಯಲ್ಲಿ ನರ್ಸ್. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ನಾವು ನಾಲ್ವರು ಗಲ್ಫಿನ ‘ಬ್ಯಾಚುಲರು’ಗಳು ಒಂಬತ್ತು ವರ್ಷ ಒಟ್ಟಿಗೆ ಇದ್ದ ಕಟ್ಟಡವನ್ನು ಹೋದ ವರ್ಷ ಕೆಡವಿದರು. 1975ರಲ್ಲಿ ಕಟ್ಟಿದ್ದು! ಇಪ್ಪತ್ತೆರಡು ವರ್ಷ. ಮನುಷ್ಯನಾಗಿದ್ದರೆ ಮದುವೆಗೆ ಹುಡುಗಿ ಹುಡುಕುವ ವಯಸ್ಸು. ಇದನ್ನು ಖಂಡಿಸಿ ಇಲ್ಲಿಯ ಇಂಗ್ಲಿಷ್ ಪತ್ರಿಕೆಗೆ ಒಂದು ಪತ್ರ ಬರೆದೆ. ಹಾಕಲಿಲ್ಲ. ನಾನು ಬರೆದದ್ದನ್ನು ಪತ್ರಿಕೆಗಳು ಹಾಕದಿರುವುದು ನಿನಗೆ ಹೊಸ ಸುದ್ದಿಯಲ್ಲ.

ವಿಷಯಕ್ಕೆ ಬರುತ್ತೇನೆ. ಇದೇ ಹತ್ತೊಂಬತ್ತಕ್ಕೆ ನಾನು ಸ್ಪೇನಿಗೆ, ಕಾರ್ಡೋಬಾಕ್ಕೆ ಹೋಗುತ್ತಿದ್ದೇನೆ.

ಹೌದು, ಅದೇ ಕಾರ್ಡೋಬಾ. ನೀನು ಹಟ ಹಿಡಿದು ಅದರ ಅರಬ್ಬಿ ಹೆಸರಿನಲ್ಲಿ ‘ಕುರ್ತುಬಾ’ ಎನ್ನುತ್ತಿದ್ದ ಊರು. ಲೈಬ್ರರಿಯ ಪುಸ್ತಕಗಳಿಂದ ನಾವಿಬ್ಬರೂ ಆ ಹಳೇಪಟ್ಟಣದ ಓಣಿಗಳನ್ನು ಬಾಯಿಪಾಠ ಮಾಡಿದ್ದು ನೆನಪಿರಬೇಕು. ಒಂದು ದಿನ ಇಬ್ಬರೂ ಸೇರಿ ಅಲ್ಲಿ ಕಾಲ್ನಡಿಗೆಯಲ್ಲಿ ತಿರುಗಬೇಕು ಎಂದು ಕಾರ್ನಿಷ್‌ನ ಕಡಲದಂಡೆಯಲ್ಲಿ ಎಷ್ಟು ಸಂಜೆ ಮಾತಾಡಿದ್ದೇವೆ!

ಈಗ ಹೋಗುತ್ತಿರುವ ಕಾರಣ ಕೇಳಿದರೆ ನೀನು ನಗುತ್ತೀ. ನಮ್ಮ ಕಾಂಟ್ರಾಕ್ಟಿಂಗ್ ಕಂಪೆನಿಗೆ ಹೋಟೆಲೊಂದರ ಒಳಗಿನ ಅಲಂಕಾರದ ಕೆಲಸ ಸಿಕ್ಕಿದೆ. ಹೋಟೆಲಿನವರಿಗೆ ಲಾಬಿಯಲ್ಲಿ ಕಾರ್ಡೋಬಾದ ದೊಡ್ಡ ಮಸೀದಿಯ ಕೆಂಪು-ಬಿಳಿ ಕಮಾನುಗಳು ಬೇಕಂತೆ. ಕಲ್ಲಿನವಲ್ಲ, ಇಟ್ಟಿಗೆಯವೂ ಅಲ್ಲ, ಫೈಬರ್‌ಗ್ಲಾಸಿನವು! ಒಳಗೆ ಪೊಳ್ಳು, ಬಡಿದರೆ ಡಬ್ಬದ ಸದ್ದು. ಡ್ರಾಫ್ಟ್ಸ್‌ಮನ್ ಆದ ನಾನು ಹೋಗಿ ಅಳತೆ ತರಬೇಕು. ಮ್ಯಾನೇಜರ್ ಕರೆದು ಹೇಳಿದ: “ನಾರ್ಬರ್ಟ್, ಯಲ್ಲಾ, ಮೂರು ವಾರ ಹೋಗಿ ಬಾ. ಎಷ್ಟು ಕೆಂಪು, ಎಷ್ಟು ಬಿಳಿ, ಬರಕೊಂಡು ಬಾ, ಖಲಾಸ್.”

“ಸಾರ್, ಅದು ಸಾವಿರದ ಇನ್ನೂರು ವರ್ಷದ ಕಟ್ಟಡ” ಎಂದೆ.

“ಹಾಗಾದರೆ ಡ್ರಾಯಿಂಗ್ ಸಿಗಲಿಕ್ಕಿಲ್ಲ. ಟೇಪ್ ತಗೊಂಡು ಹೋಗು” ಎಂದ.

ಇನ್ನು ನಮ್ಮ ವಿಷಯ. ನನ್ನ ನೆನಪಿನಲ್ಲಿ ಇರುವುದನ್ನು ಇರುವ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. 1987ರ ನವೆಂಬರ್ ಆರು, ಶುಕ್ರವಾರ ಮಧ್ಯಾಹ್ನ. ಜುವಾಕಿಂ ಬಂಗುಡೆ ಮೀನಿನ ಸಾರು ಮಾಡಿದ್ದ. ನಾನು ಚರ್ಚಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದಿದ್ದೆ, ನೀನು ಜುಮ್ಮಾ ನಮಾಜ್ ಮುಗಿಸಿ ಬಂದಿದ್ದೆ. ಊಟಕ್ಕೆ ಕೂತಾಗ ನೀನು ಹೇಳಿದೆ, “ಕುರ್ತುಬಾಕ್ಕೆ ಹೋದ ದಿನ ಆ ಕಂಬಗಳ ನಡುವೆ ನಿಂತು ಎರಡು ರಕಾತ್ ನಮಾಜ್ ಮಾಡ್ಬೇಕು.” ನಾನು ಹೇಳಿದೆ, “ಎಂತ ಮಾರಾಯ, ಅದು ಏಳುನೂರೈವತ್ತು ವರ್ಷದಿಂದ ಮಸೀದಿ ಅಲ್ಲ, ಇಗರ್ಜಿ. ನಿನ್ನನ್ನು ಯಾರು ಬಿಡ್ತಾರೆ? ಹೋಟೆಲ್ ರೂಮಿನಲ್ಲಿ ಮಾಡು, ದೇವರಿಗೆ ಎಂತ ಕಿವಿ ಕೇಳುದಿಲ್ವಾ?” ಮೇಜಿನ ಸುತ್ತ ಎಲ್ಲರೂ ನಕ್ಕರು. ನೀನು, “ಹಾಗಾದ್ರೆ ನೀನು ಇಗರ್ಜಿಗೆ ಯಾಕೆ ಹೋಗುದು? ಬಾತ್‌ರೂಮಿನಲ್ಲಿ ಮೊಣಕಾಲೂರು” ಎಂದೆ. ಅದಕ್ಕೆ ನಾನು, “ಇದು ನಮ್ಮದು, ಹೋಗ್ತೇವೆ. ಅದು ಈಗ ನಿಮ್ಮದಲ್ಲ” ಎಂದು, ಮೇಲಿಂದ ಅರಬ್ಬಿಯಲ್ಲಿ ‘ಇಲ್ಲ’ ಎನ್ನುವ ‘ಮಾಫಿ’ಯನ್ನೂ ಸೇರಿಸಿದೆ. ಮತ್ತೆ ನಗು. ಮರುದಿನ ಬೆಳಿಗ್ಗೆ ನೀನು ಪೆಟ್ಟಿಗೆ ಕಟ್ಟಿ ದುಬೈಗೆ ಹೋದೆ.

ಚರಿತ್ರೆಯ ಮಟ್ಟಿಗೆ ನಾನು ಹೇಳಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಆದರೂ ಒಬ್ಬನೇ ಆ ಊರಿಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಅಗಾತಾ ಹೇಳಿದಳು, “ಬರೆಯುದಾದ್ರೆ ಅವರಿಗೆ ಬರೀರಿ. ಹತ್ತು ವರ್ಷದಿಂದ ಆ ಬಂಗುಡೆ ಸಾರಿನ ಕತೆ ನಂಗೆ ಕೇಳಿ ಸಾಕಾಯ್ತು.”

ನನಗೆ ಬೇಕಾದದ್ದು ನಿನ್ನಿಂದ ಒಂದು ಉತ್ತರ. ಬೈದು ಬರೆದರೂ ಆದೀತು. ಅದಿಲ್ಲವಾದರೆ, ಆ ಪಟ್ಟಣವನ್ನು ಎಲ್ಲಿಂದ ನಡೆಯಲು ಶುರು ಮಾಡಬೇಕು ಎಂಬುದನ್ನಾದರೂ ಬರಿ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಯ ವಸತಿಗೃಹದ ವಿಳಾಸವನ್ನು ಹಿಂದಿನ ಪುಟದಲ್ಲಿ ಕೊಟ್ಟಿದ್ದೇನೆ.

ನಿನ್ನ
ನಾರ್ಬರ್ಟ್

*

ದೇರಾ, ದುಬೈ
11 ಏಪ್ರಿಲ್ 1998

ನಾರ್ಬರ್ಟ್,

ಕಾಗದ ತಲುಪಿತು.

ನದಿಯ ಆಚೆ ದಡದಿಂದ ಶುರು ಮಾಡು. ಹಳೆಯ ಸೇತುವೆಯ ಮೇಲೆ ನಡೆದುಕೊಂಡು ಊರಿನೊಳಗೆ ಬಾ. ಸಾವಿರ ವರ್ಷ ಜನ ಹಾಗೆಯೇ ಬಂದದ್ದು. ಟ್ಯಾಕ್ಸಿಯಲ್ಲಿ ಬಾಗಿಲ ಮುಂದೆ ಇಳಿಯಬೇಡ.

ಸಾರು ಬಂಗುಡೆಯದ್ದಲ್ಲ, ಬೂತಾಯಿಯದ್ದು. ಉಳಿದದ್ದು ನೀನು ಬರೆದ ಹಾಗೆಯೇ ನಡೆಯಿತು. ಚರಿತ್ರೆ ಸರಿ. ನಗು ಸರಿಯಲ್ಲ. ಆ ವಿಷಯ ಇನ್ನು ಬರೆಯಬೇಡ.

ಯಾಕೂಬ್

*

ಕಾರ್ಡೋಬಾ
21 ಏಪ್ರಿಲ್ 1998, ಮಂಗಳವಾರ

ಯಾಕೂಬ್,

ನಿನ್ನ ಕಾಗದ ನಾನು ಹೊರಡುವ ಹಿಂದಿನ ದಿನ ಕೈಗೆ ಸಿಕ್ಕಿತು. ಬೂತಾಯಿ ಎಂದು ನೀನು ಹೇಳಿದ ಮೇಲೆ ನನಗೂ ಹಾಗೇ ಅನಿಸುತ್ತಿದೆ. ಆ ವಿಷಯ ಬರೆಯಬೇಡ ಎಂದಿದ್ದೀ, ಬರೆಯುವುದಿಲ್ಲ. ಊರಿನ ವಿಷಯ ಬರೆಯಬಹುದಲ್ಲ?

ನೀನು ಹೇಳಿದ ಹಾಗೆಯೇ ಮಾಡಿದೆ. ನಿನ್ನೆ ಮಧ್ಯಾಹ್ನ ಬಂದು ಇಳಿದವನು ಇವತ್ತು ಬೆಳಿಗ್ಗೆ ಮೊದಲು ಬೇರೆ ದಾರಿಯಿಂದ ನದಿ ದಾಟಿ ಆಚೆ ದಡಕ್ಕೆ ಹೋದೆ. ಅಲ್ಲಿ ಒಂದು ಮೊಂಡು ಕೋಟೆ-ಗೋಪುರ ಇದೆ. ಅದರ ನೆರಳಿನಲ್ಲಿ ನಿಂತು ಶೂ ಬಿಗಿ ಮಾಡಿಕೊಂಡೆ. ಅಲ್ಲಿಂದ ಊರು ಎದುರಿಗೆ ಕಾಣುತ್ತದೆ: ಕೆಳಗೆ ಹಳದಿ ನೀರು, ಅದರ ಮೇಲೆ ಸೇತುವೆಯ ಕಮಾನುಗಳು, ಅದರಾಚೆ ಉದ್ದದ ಗೋಡೆ, ಗೋಡೆಯ ನಡುವಿನಿಂದ ಎದ್ದ ಗಂಟೆಗೋಪುರ. ನಾವು ಪುಸ್ತಕದಲ್ಲಿ ನೋಡುತ್ತಿದ್ದ ಅದೇ ಚಿತ್ರ. ಪುಸ್ತಕದಲ್ಲಿ ಅದಕ್ಕೆ ವಾಸನೆ ಇರಲಿಲ್ಲ, ಇಲ್ಲಿ ಜೊಂಡಿನ, ಕೆಸರಿನ ವಾಸನೆ ಬರುತ್ತದೆ. ನಮ್ಮ ನೇತ್ರಾವತಿಯ ಉಳ್ಳಾಲ ಕಡೆಯ ದಡದ್ದೇ ವಾಸನೆ.

ನದಿಯ ಹೆಸರು ಗ್ವಾದಲ್‌ಕಿವಿರ್. ಇಷ್ಟು ವರ್ಷ ಓದಿದರೂ ನನಗೆ ಹೊಳೆದಿರಲಿಲ್ಲ. ಬೋರ್ಡಿನ ಮುಂದೆ ನಿಂತು ಜೋರಾಗಿ ಓದಿದಾಗ ಹೊಳೆಯಿತು: ‘ವಾದಿ ಅಲ್ ಕಬೀರ್’! ದೊಡ್ಡ ಹೊಳೆ, ಅಷ್ಟೆ. ಸೈಟಿನಲ್ಲಿ ಮೇಸ್ತ್ರಿಗಳ ಜೊತೆ ಜಗಳ ಮಾಡಲು ಕಲಿತ ಅರಬ್ಬಿ ಇಷ್ಟು ದೂರ ಬಂದು ಕೆಲಸಕ್ಕೆ ಬಂತು.

ಸೇತುವೆ ರೋಮನ್ನರ ಕಾಲದ್ದು. ಅದರ ಮೇಲೆ ಕಾರು, ಬೈಕು, ತರಕಾರಿ ವ್ಯಾನು! ಎರಡು ಸಾವಿರ ವರ್ಷದ ಸೇತುವೆಯ ಮೇಲೆ ಹಾರ್ನ್ ಹೊಡೆದುಕೊಂಡು ಹೋಗುತ್ತಾರೆ. ಒಬ್ಬ ಡ್ರೈವರ್ ನನ್ನ ಹಿಮ್ಮಡಿಯವರೆಗೆ ಬಂದು ಪೀಂ ಎಂದ. ತಿರುಗಿ ನಿಂತು ತುಳುವಿನಲ್ಲಿ ಬೈದೆ. ಬೈಗುಳದ ಅರ್ಥವಾದವನ ಹಾಗೆ ಅವನು ಕೈಮುಗಿದ. ಊರಿನ ಪೌರಸಭೆಗೆ ಒಂದು ಪತ್ರ ಬರೆಯಬೇಕೆಂದಿದ್ದೇನೆ.

ಆದರೆ ಯಾಕೂಬ್, ಓಣಿಗಳೊಳಗೆ ಹೊಕ್ಕ ಮೇಲೆ ಸಿಟ್ಟು ಮಾಡಲು ನನಗೆ ಏನೂ ಸಿಗಲಿಲ್ಲ. ಎರಡೂ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಮುಟ್ಟುವಷ್ಟು ಅಗಲ. ಗೋಡೆಗಳಿಗೆ ಬಿಳಿ ಸುಣ್ಣ. ಹೊರಗೆ ಬಿಸಿಲು ಸುಡುತ್ತಿದ್ದರೂ ಓಣಿಯ ತಳ ತಣ್ಣಗೆ, ಬಾವಿಯೊಳಗೆ ಇಳಿದ ಹಾಗೆ. ಬಿಸಿಲಿನ ದೇಶದಲ್ಲಿ ಊರು ಕಟ್ಟುವ ರೀತಿ ಇದು ಎಂದು ಸಾವಿರ ವರ್ಷದ ಹಿಂದೆಯೇ ಅವರಿಗೆ ಗೊತ್ತಿತ್ತು. ನಾವು ಅಬುಧಾಬಿಯಲ್ಲಿ ಆರು ಸಾಲು ಕಾರು ಓಡುವ ರಸ್ತೆ ಕಟ್ಟಿ, ದಾಟುವಷ್ಟರಲ್ಲಿ ತಲೆ ಬೇಯಿಸಿಕೊಳ್ಳುತ್ತೇವೆ. ಅಂಥ ಎಷ್ಟೋ ರಸ್ತೆಗಳ ಡ್ರಾಯಿಂಗ್ ನಾನೇ ಮಾಡಿದ್ದೇನೆ. ನನ್ನ ಮೇಲೆ ನನಗೇ ಸಿಟ್ಟು ಬರಬೇಕಿತ್ತು, ಗಾಳಿ ಅಷ್ಟು ತಂಪಾಗಿತ್ತು, ಬರಲಿಲ್ಲ.

ಮನೆಗಳ ಗೋಡೆಗೆ ಹೂವಿನ ಕುಂಡಗಳನ್ನು ಮಾಳಿಗೆಯವರೆಗೂ ತೂಗುಹಾಕಿದ್ದಾರೆ. ಉದ್ದದ ಕೋಲಿನ ತುದಿಗೆ ತಗಡಿನ ಡಬ್ಬ ಕಟ್ಟಿ ಅದರಿಂದ ನೀರುಣಿಸುತ್ತಾರೆ. ಒಬ್ಬಳು ಮುದುಕಿ ಒಂದು ಹನಿಯೂ ಕೆಳಗೆ ಬೀಳದ ಹಾಗೆ ಕುಂಡದಿಂದ ಕುಂಡಕ್ಕೆ ಹೋಗುವುದನ್ನು ಅರ್ಧ ಗಂಟೆ ನಿಂತು ನೋಡಿದೆ. ಕಡೆಗೆ ಅವಳು ಕೋಲನ್ನು ನನ್ನ ಕೈಗೇ ಕೊಟ್ಟಳು. ನಾನು ಹಾಕಿದ ನೀರು ಪೂರ್ತಿ ನನ್ನ ತೋಳಿನೊಳಗೆ ಇಳಿಯಿತು. ಅವಳು ನಕ್ಕ ನಗು ಓಣಿಯ ಆ ತುದಿಗೂ ಕೇಳಿರಬೇಕು.

ನಾಲ್ಕು ಸಲ ದಾರಿ ತಪ್ಪಿದೆ. ಗಲ್ಫಿನಲ್ಲಿ ನಮಗೆ ಇಪ್ಪತ್ತು ವರ್ಷದಿಂದ ದಾರಿ ಹೇಳುವುದೆಂದರೆ ‘ಹಳೆ ಮೀನು ಮಾರ್ಕೆಟಿನ ಹಿಂದೆ’, ‘ಮೊದಲು ಬ್ಯಾಂಕ್ ಇದ್ದಲ್ಲಿ ಎಡಕ್ಕೆ’ ಎಂದು. ಇಲ್ಲದೆ ಹೋದ ಕಟ್ಟಡಗಳ ಮೇಲೆ ದಾರಿ ಹೇಳಿ ರೂಢಿಯಾದವರಿಗೆ, ಪ್ರತಿಯೊಂದೂ ಇದ್ದಲ್ಲಿಯೇ ಇರುವ ಊರಿನಲ್ಲಿ ದಾರಿ ಸಿಗುವುದಿಲ್ಲ. ಒಂದು ತಿರುವಿನಲ್ಲಿ ಯಹೂದಿಗಳ ಹಳೆಯ ಪ್ರಾರ್ಥನಾಮಂದಿರ. ನಮ್ಮ ಹಳೆ ರೂಮಿಗಿಂತ ಸ್ವಲ್ಪ ದೊಡ್ಡದು ಅಷ್ಟೆ.

ಒಂದೂವರೆಯಿಂದ ಐದರವರೆಗೆ ಅಂಗಡಿಗಳೆಲ್ಲ ಬಂದ್, ನಮ್ಮ ಹಮ್ದಾನ್ ಸ್ಟ್ರೀಟಿನ ಹಾಗೆಯೇ. ಇದೊಂದು ವಿಷಯದಲ್ಲಿ ಎರಡೂ ಊರಿಗೆ ಬುದ್ಧಿ ಇದೆ. ವಸತಿಗೃಹದ ಒಡತಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬರುವುದಿಲ್ಲ. ಆದರೆ ಮೇಜಿಗೆ ‘ಮೇಸಾ’ ಅನ್ನುತ್ತಾಳೆ, ಸಕ್ಕರೆಗೆ ‘ಅಸೂಕಾರ್’. ನಾನು ಕೊಂಕಣಿಯಲ್ಲಿ ಮಾತಾಡುತ್ತೇನೆ, ಅವಳು ತನ್ನ ಭಾಷೆಯಲ್ಲಿ ಉತ್ತರಿಸುತ್ತಾಳೆ, ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ.

ದೊಡ್ಡ ಕಟ್ಟಡದೊಳಗೆ ಇನ್ನೂ ಕಾಲಿಟ್ಟಿಲ್ಲ. ಸುತ್ತಲಿನ ಗೋಡೆಯನ್ನು ಒಂದು ಸುತ್ತು ನಡೆದೆ, ಅಷ್ಟೆ. ಮೊದಲ ಸಲ ಟೇಪ್ ಹಿಡಿದುಕೊಂಡು ಒಳಗೆ ಹೋಗುವುದು ಸರಿ ಕಾಣಲಿಲ್ಲ. ಶುಕ್ರವಾರ ಸ್ನಾನ ಮಾಡಿ, ಒಳ್ಳೆ ಅಂಗಿ ಹಾಕಿಕೊಂಡು, ಪೂಜೆಗೆಂದೇ ಹೋಗುತ್ತೇನೆ. ಅಳತೆ ಶನಿವಾರದಿಂದ.

ಸುಸ್ತಾದ ಕಾಲುಗಳ
ನಾರ್ಬರ್ಟ್

*

ಕಾರ್ಡೋಬಾ
25 ಏಪ್ರಿಲ್ 1998, ಶನಿವಾರ

ಯಾಕೂಬ್,

ಬರೆಯಬೇಡ ಎಂದ ವಿಷಯವನ್ನೇ ಬರೆಯಲು ಕೂತಿದ್ದೇನೆ. ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಓದು.

ಹೋದ ಕಾಗದದ ಕಡೆಯ ಸಾಲುಗಳನ್ನು ಓದಿದಾಗಲೇ ನಿನಗೆ ನನ್ನ ಮೂರ್ಖತನ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಭಾನುವಾರ ಶುಕ್ರವಾರವೇ ಬರುತ್ತಿದೆ. ಗಲ್ಫಿನಲ್ಲಿ ಭಾನುವಾರ ಎಲ್ಲರಿಗೂ ಕೆಲಸ, ಶುಕ್ರವಾರ ರಜೆ. ಆದ್ದರಿಂದ ನಮ್ಮ ಇಗರ್ಜಿಯಲ್ಲಿ ವಾರದ ದೊಡ್ಡ ಪೂಜೆಯೂ ಶುಕ್ರವಾರ. ನಿನ್ನ ಜುಮ್ಮಾ, ನನ್ನ ಪೂಜೆ, ಒಂದೇ ದಿನ. ಇಡೀ ಕ್ರೈಸ್ತ ಜಗತ್ತಿನಲ್ಲಿ ಹೀಗೆ ಮಾಡುವವರು ನಾವು ಗಲ್ಫಿನವರು ಮಾತ್ರ ಎಂಬುದು ಈ ತಲೆಯಿಂದ ಪೂರ್ತಿ ಅಳಿಸಿಹೋಗಿದೆ.

ನಿನ್ನೆ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ನನ್ನ ತಲೆಯಲ್ಲಿ ಈಗ ಕೂದಲಿಲ್ಲ, ನೀನು ನೋಡಿಲ್ಲ. ಬಿಸಿಲಿಗೆಂದು ಅಬುಧಾಬಿಯ ಸೂಕ್ ಬಜಾರಿನಲ್ಲಿ ಕೊಂಡ ಬಿಳಿ ಹತ್ತಿಯ ಟೋಪಿ ಹಾಕುತ್ತೇನೆ. ಗಡ್ಡವನ್ನೂ ಬಿಟ್ಟಿದ್ದೇನೆ. ಕಿತ್ತಳೆ ಮರಗಳ ಅಂಗಳ ದಾಟಿ ಬಾಗಿಲಿಗೆ ಹೋದೆ. ಅಲ್ಲಿದ್ದ ಕಾವಲುಗಾರನಿಗೆ ನಮ್ಮ ವಯಸ್ಸು, ಸೌಮ್ಯ ಮುಖ. ಅವನಿಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು. ನಾನು ನಮ್ಮ ಗಲ್ಫಿನ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದೆ: “ಗುಡ್ ಮಾರ್ನಿಂಗ್. ಫ್ರೈಡೇ ಪ್ರೇಯರಿಗೆ ಬಂದಿದ್ದೇನೆ.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಎಲ್ಲಿಂದ ಬಂದದ್ದು, ಸೆನ್ಯೋರ್?”

“ಅಬುಧಾಬಿ.”

ಮುಗಿಯಿತು. ಅವನು ಬಹಳ ಮರ್ಯಾದೆಯಿಂದ ತಲೆಯಾಡಿಸಿದ. “ಪ್ರೇಯರ್ ನೋ, ಸೆನ್ಯೋರ್. ಟಿಕೆಟ್ ಯೆಸ್. ನೋಡಬಹುದು. ಪ್ರೇಯರ್ ನೋ.”

ನನಗೆ ರೇಗಿತು. ನನ್ನ ಸಿಟ್ಟು ನಿನಗೆ ಗೊತ್ತು. “ಪ್ರಾರ್ಥನೆ ಮಾಡಲು ಬಿಡದ ದೇವಾಲಯ ಎಂತ ದೇವಾಲಯ? ಇಷ್ಟು ದೂರದಿಂದ ಬಂದವನಿಗೆ ಹೇಳುವ ಮಾತಾ ಇದು?” ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಟಿಕೆಟ್ ಕೊಂಡು ಒಳಗೆ ಹೋದೆ, ಇಬ್ಬರೂ ಹತ್ತು ಹೆಜ್ಜೆ ಹಿಂದೆ ಬಂದರು.

ಒಳಗೆ ಹೇಗಿತ್ತು ಎಂದು ಬರೆಯಬೇಕು, ಬರೆಯಲು ಆಗುತ್ತಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಂಡ ಹಾಗೆ ಕಂಬಗಳು ಒಂದೊಂದಾಗಿ ಎದ್ದು ಬಂದವು, ತೋಟದೊಳಗೆ ನಡೆದ ಹಾಗೆ, ಯಾವ ಕಡೆ ತಿರುಗಿದರೂ ಸಾಲು. ತಲೆಯ ಮೇಲೆ ಕೆಂಪು, ಬಿಳಿ, ಕೆಂಪು, ಬಿಳಿ. ನಡುವಿನಲ್ಲಿ ಪೂಜೆಯ ದೊಡ್ಡ ಪೀಠ ಕಾಣಿಸಿತು. ನನ್ನ ಬಲ ಮೊಣಕಾಲು ತಾನಾಗಿಯೇ ಬಗ್ಗಿತು, ಚಿಕ್ಕಂದಿನ ಅಭ್ಯಾಸ. ಅದು ನೆಲಕ್ಕೆ ತಾಗುವ ಮೊದಲೇ ಮೊಣಕೈಯ ಮೇಲೆ ಒಂದು ಕೈ ಬಂತು. ಒರಟಾಗಿ ಅಲ್ಲ. ಮುದುಕರನ್ನು ಮೆಟ್ಟಿಲು ಇಳಿಸುವಾಗ ಹಿಡಿಯುತ್ತಾರಲ್ಲ, ಹಾಗೆ.

“ನೋ, ಸೆನ್ಯೋರ್. ಪ್ಲೀಸ್.”

ಆಗ ಗೊತ್ತಾಯಿತು. ಮೊದಲು ದಿನ ಗೊತ್ತಾಯಿತು: ಇವತ್ತು ಇವರಿಗೆ ಭಾನುವಾರ ಅಲ್ಲ, ಬೆಂಚುಗಳೆಲ್ಲ ಖಾಲಿ. ಆಮೇಲೆ, ಇವರು ನನ್ನನ್ನು ಯಾರೆಂದು ತಿಳಿದಿದ್ದಾರೆ ಎಂಬುದು ಗೊತ್ತಾಯಿತು.

ಪ್ಯಾಂಟಿನ ಜೇಬಿನಲ್ಲಿ ನನ್ನ ಜಪಸರ ಇತ್ತು. ಕೈ ಅದರ ಮೇಲೆಯೇ ಇತ್ತು. ಹೊರಗೆ ತೆಗೆದು ಅದರ ಶಿಲುಬೆಯನ್ನು ಒಮ್ಮೆ ತೋರಿಸಿದ್ದರೆ ಸಾಕು, ಅವರೇ ಕ್ಷಮೆ ಕೇಳಿ, ಕರೆದುಕೊಂಡು ಹೋಗಿ ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದರು. ಬಹಳ ಸುಲಭದ ಕೆಲಸ. ಆದರೆ ಅದನ್ನು ತೋರಿಸುವುದೆಂದರೆ ‘ನಾನು ಅವನಲ್ಲ, ನಿಮ್ಮವನು’ ಎಂದು ಹೇಳುವುದು. ಆ ಮಾತನ್ನು ಊಟದ ಮೇಜಿನಲ್ಲಿ ಒಮ್ಮೆ ಹೇಳಿದ್ದೇನೆ, ಯಾಕೂಬ್. ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ.

ತೆಗೆಯಲಿಲ್ಲ. ಎದ್ದು ನಿಂತೆ. ಅವರ ಜೊತೆ ಮೆಲ್ಲಗೆ ಒಂದು ಸುತ್ತು ನಡೆದು, ಮೆಕ್ಕಾದ ಕಡೆಯ ಗೋಡೆಯ ಚಿನ್ನದ ಕುಸುರಿಯ ಕಮಾನನ್ನು ಸರಳಿನ ಈಚೆಯಿಂದ ನೋಡಿ ಹೊರಗೆ ಬಂದೆ. ಕಾಲು ಗಂಟೆ ನಾನು ನೀನಾಗಿದ್ದೆ. ಹೋಗಿ ಕಿತ್ತಳೆ ಮರದ ಕೆಳಗೆ ಕೂತೆ. ಆ ಕಾವಲುಗಾರ ಬಂದು, ಪಕ್ಕದಲ್ಲಿ ಕೂತು, ಭುಜ ಕುಣಿಸಿ ತನ್ನ ಎದೆಯ ಬಿಲ್ಲೆ ತೋರಿಸಿದ. ‘ನನ್ನ ಕೆಲಸ ಇದು’ ಎಂದಿರಬೇಕು. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಅವನು ಮಾಡಿದ್ದಲ್ಲ, ಮತ್ತು ಅವನು ನಗಲಿಲ್ಲ.

ನಾನು ನಕ್ಕಿದ್ದೆ. ಉಳಿದಿಬ್ಬರನ್ನೂ ನಗಿಸಿದ್ದೆ. ನಾನು ಹೇಳಿದ್ದು ಚರಿತ್ರೆಗೆ ಸರಿ ಇರಬಹುದು, ಹೇಳಿದ ಬಾಯಿ ತಪ್ಪು. ಕ್ಷಮಿಸು ಎಂದು ಕೇಳುತ್ತಿದ್ದೇನೆ. ನೀನು ಪೆಟ್ಟಿಗೆ ಹಿಡಿದು ಹೊರಟಾಗಲೇ ಹಿಂದೆ ಮೆಟ್ಟಿಲಿಳಿದು ಬಂದು ಕೇಳಬೇಕಿತ್ತು.

ನಾರ್ಬರ್ಟ್

*

ಕಾರ್ಡೋಬಾ
5 ಮೇ 1998, ಮಂಗಳವಾರ

ಯಾಕೂಬ್,

ನಿನ್ನಿಂದ ಕಾಗದ ಬಂದಿಲ್ಲ. ಇಲ್ಲಿಂದ ದುಬೈಗೆ ಅಂಚೆ ಹತ್ತು ದಿನ ಹಿಡಿಯುತ್ತದೆ ಎಂದು ಅಂಚೆಕಚೇರಿಯವನು ಹೇಳಿದ, ಆದ್ದರಿಂದ ಲೆಕ್ಕಕ್ಕೆ ಇನ್ನೂ ತಡವಾಗಿಲ್ಲ. ಆದರೂ ಬೆಳಿಗ್ಗೆ ಕಾಫಿಗೆ ಕೂತಾಗ ಒಡತಿಯ ಮುಖ ನೋಡುತ್ತೇನೆ. ಅವಳು ಎರಡೂ ಕೈ ಬಿಚ್ಚಿ ತೋರಿಸುತ್ತಾಳೆ. ನಿನ್ನೆ ಪಾಪ ಎನಿಸಿ ಒಂದು ಕಿತ್ತಳೆ ಕೊಟ್ಟಳು.

ಉಳಿದಂತೆ ನಾನು ಇಷ್ಟು ಸುಖವಾಗಿ ಯಾವಾಗ ಇದ್ದೆನೋ ನೆನಪಿಲ್ಲ. ನೆನಪಿನ ವಿಷಯದಲ್ಲಿ ನಾನು ಹೀಗೆ ಹೇಳುವುದು ಅಪರೂಪ. ಕೆಲಸಕ್ಕೆ ಅಂತ ದಿನಾ ಬೆಳಿಗ್ಗೆ ಒಳಗೆ ಹೋಗುತ್ತೇನೆ. ಈಗ ಕೈಯಲ್ಲಿ ಅನುಮತಿ ಪತ್ರ, ಟೇಪು, ಪೆನ್ಸಿಲು. ಅದೇ ಕಾವಲುಗಾರ ಟೇಪಿನ ಆ ತುದಿ ಹಿಡಿಯುತ್ತಾನೆ. ನಾನು ಭಾನುವಾರ ಪೂಜೆಗೆ ಬಂದದ್ದನ್ನು ನೋಡಿ ಅವನು ಬೆಕ್ಕಸಬೆರಗಾದ. ಬಹಳ ಹೊತ್ತು ಯೋಚಿಸಿ, “ಶುಕ್ರವಾರವೂ, ಭಾನುವಾರವೂ?” ಎಂದು ಕೇಳಿದ. ಹೌದು ಎಂದೆ. ಬಹಳ ಭಕ್ತಿವಂತ ಎಂದುಕೊಂಡಿರಬೇಕು. ನನಗೆ ಮಾತ್ರ ಭಾನುವಾರ ಇಗರ್ಜಿಯಲ್ಲಿ ಕೂತದ್ದು ಆಫೀಸಿಗೆ ಚಕ್ಕರ್ ಹೊಡೆದ ಹಾಗೆ ಅನಿಸಿತು.

ಡ್ರಾಫ್ಟ್ಸ್‌ಮನ್ನಿಗೆ ಮಾತ್ರ ಕಾಣುವ ಒಂದು ಸಂಗತಿ ಬರೆಯುತ್ತೇನೆ. ಆ ಕಂಬಗಳು ಇದಕ್ಕೆಂದು ಕಡೆದವಲ್ಲ. ರೋಮನ್ನರ, ಅವರ ನಂತರದವರ ಹಾಳುಕಟ್ಟಡಗಳಿಂದ ಹೊತ್ತು ತಂದವು. ಒಂದು ಕಪ್ಪು, ಒಂದು ನಸುಗೆಂಪು, ಒಂದು ಗಿಡ್ಡ, ಇನ್ನೊಂದು ಉದ್ದ. ಉದ್ದದ್ದನ್ನು ನೆಲದಲ್ಲಿ ಹುಗಿದಿದ್ದಾರೆ, ಗಿಡ್ಡದ್ದರ ಕೆಳಗೆ ಪೀಠ ಇಟ್ಟಿದ್ದಾರೆ. ಹೇಗೆ ಮಾಡಿದರೂ ಛಾವಣಿಗೆ ಎತ್ತರ ಸಾಲಲಿಲ್ಲ. ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು! ಜಗತ್ತೇ ಬಾಯಿಬಿಟ್ಟು ನೋಡುವ ಆ ಜೋಡಿ ಕಮಾನು ಸೌಂದರ್ಯಕ್ಕೆ ಮಾಡಿದ್ದಲ್ಲ, ಸಾಮಾನು ಸಾಲದೆ ಮಾಡಿದ್ದು. ನನ್ನ ವರದಿಯಲ್ಲಿ ಬರೆದಿದ್ದೇನೆ: ‘ಇಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಒಂದೇ ಅಚ್ಚಿನಿಂದ ಮುನ್ನೂರು ಎರಕ ಹೊಯ್ದರೆ ಅದು ಕಾರ್ಡೋಬಾ ಆಗುವುದಿಲ್ಲ.’ ಮ್ಯಾನೇಜರ್ ಇದನ್ನು ಓದುವುದಿಲ್ಲ. ಕೆಂಪೆಷ್ಟು ಬಿಳಿಯೆಷ್ಟು ಎಂಬ ಪುಟಕ್ಕೆ ನೇರ ಹೋಗುತ್ತಾನೆ. ಇರಲಿ, ಬರೆದಾಯಿತು.

ಸಂಜೆ ಐದರ ಮೇಲೆ ನನ್ನ ನಡಿಗೆ. ಈಗ ದಾರಿ ತಪ್ಪುವುದಿಲ್ಲ, ಬೇಕೆಂದೇ ತಪ್ಪಿಸಿಕೊಳ್ಳುತ್ತೇನೆ. ಈ ವಾರ ಊರಿನವರು ತಮ್ಮ ಮನೆಗಳ ಒಳಂಗಳದ ಬಾಗಿಲು ತೆರೆದಿಡುತ್ತಾರೆ, ಯಾರು ಬೇಕಾದರೂ ಒಳಗೆ ಹೋಗಿ ಹೂಗಳನ್ನು ನೋಡಬಹುದು. ಬೆಣಚುಕಲ್ಲು ಹಾಸಿದ ಅಂಗಳ, ನಡುವೆ ಬಾವಿ, ನಾಲ್ಕೂ ಗೋಡೆಗೆ ಕುಂಡ. ಅಪರಿಚಿತನಾಗಿ ಮೂವತ್ತು ಮನೆಯೊಳಗೆ ಹೊಕ್ಕೆ. ಎಲ್ಲ ಕಡೆಯೂ ‘ಬನ್ನಿ’ ಎಂದರು. ಪ್ರತಿ ಅಂಗಳದಲ್ಲಿಯೂ, ಇದಕ್ಕೆ ಯಾಕೂಬ್ ಏನು ಹೇಳುತ್ತಿದ್ದ ಎಂದುಕೊಂಡೆ. ಉತ್ತರ ನನಗೆ ಗೊತ್ತಿರುತ್ತಿತ್ತು. ಅದಕ್ಕೆ ನನ್ನ ಮರುಜವಾಬೂ ಸಿದ್ಧವಿರುತ್ತಿತ್ತು. ಹೀಗೆ ಒಬ್ಬನೇ ಇಬ್ಬರ ವಾದವನ್ನೂ ಮಾಡಿಕೊಂಡು ನಡೆಯುವುದು ದಣಿವಿನ ಕೆಲಸ.

ಹತ್ತನೇ ತಾರೀಕಿಗೆ ಇಲ್ಲಿಂದ ಹೊರಡುತ್ತೇನೆ. ಬರೆದರೆ ಅಬುಧಾಬಿಗೇ ಬರಿ. ಬರೆಯದಿದ್ದರೂ, ಓದಿದ್ದೀ ಎಂದು ತಿಳಿದುಕೊಳ್ಳುತ್ತೇನೆ.

ನಾರ್ಬರ್ಟ್

*

ದೇರಾ, ದುಬೈ
17 ಮೇ 1998

ನಾರ್ಬರ್ಟ್,

ಏಪ್ರಿಲ್ ಇಪ್ಪತ್ತೈದರ ಕಾಗದ ಬಂದು ಹನ್ನೊಂದು ದಿನವಾಯಿತು. ಪೋಸ್ಟ್ ಬಾಕ್ಸಿನ ಮುಂದೆ ನಿಂತೇ ಓದಿದೆ. ಮನೆಗೆ ತಂದು ಹೆಂಡತಿ ಲೈಲಾಳಿಗೆ ಕೊಟ್ಟೆ. ಅವಳು ಓದಿ ಮಡಚಿ ಕೊಟ್ಟು, “ನೀವು ಇವರ ವಿಷಯ ಇಷ್ಟು ವರ್ಷ ಹೇಳಿದ್ದರಲ್ಲಿ ಇವರಿಗೆ ಇಷ್ಟು ಒಳ್ಳೆ ಅಕ್ಷರ ಉಂಟು ಅಂತ ಹೇಳ್ಲೇ ಇಲ್ಲ” ಎಂದಳು. ನಾನು ಬರೆಯಲು ಕೂತದ್ದು ಮೂರು ಸಲ. ಎರಡು ಸಲ ಹರಿದೆ.

ಮೊದಲು ಬೈಯುತ್ತೇನೆ. ಮೂರ್ಖ, ಆ ಜಪಸರವನ್ನು ಯಾಕೆ ತೆಗೆಯಲಿಲ್ಲ? ಪೊಲೀಸರನ್ನು ಕರೆದಿದ್ದರೆ? ಸಕ್ಕರೆ ಕಾಯಿಲೆಯವನು, ಪರದೇಶ, ಭಾಷೆ ಬಾರದು. ನನಗಾಗಿ ನೀನು ಎಲ್ಲಿಯೋ ಸಿಕ್ಕಿಬಿದ್ದಿದ್ದರೆ ನಾನು ಅಗಾತಾಳಿಗೆ ಎಂತ ಹೇಳಬೇಕಿತ್ತು? ಈ ಕೆಲಸ ಇನ್ನೊಮ್ಮೆ ಮಾಡಬೇಡ.

ಬೈದಾಯಿತು. ಕ್ಷಮೆ ಕೇಳಿದ್ದೀ. ಖಲಾಸ್, ಆ ಲೆಕ್ಕ ಮುಗಿಯಿತು. ಆದರೆ ನನ್ನ ಕಡೆಯದು ಒಂದಿದೆ, ಅದು ನಿನಗೆ ಗೊತ್ತಿಲ್ಲ. 1991ರಲ್ಲಿ ನಿನ್ನ ಅಮ್ಮ ತೀರಿಹೋದ ಸುದ್ದಿ ಜುವಾಕಿಂ ಹೇಳಿದ. ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಅವರ ಕೈಯ ಊಟ ಮಾಡಿದವನು. ನನಗೆಂದು ಬೇರೆ ಪಾತ್ರೆಯಲ್ಲಿ, ಹಂದಿಮಾಂಸ ತಾಗದ ಪಾತ್ರೆಯಲ್ಲಿ, ಅಡಿಗೆ ಮಾಡುತ್ತಿದ್ದರು. ನಾನು ಕೇಳಿರಲಿಲ್ಲ, ಅವರೇ ಕೊಂಡು ಇಟ್ಟಿದ್ದರು. ನಿನ್ನ ಆಫೀಸಿಗೆ ಫೋನ್ ಮಾಡಿದೆ. ನೀನೇ ಎತ್ತಿ ‘ಹಲೋ’ ಎಂದೆ. ಮಾತು ಹೊರಡಲಿಲ್ಲ, ಇಟ್ಟುಬಿಟ್ಟೆ. ನಿನ್ನ ನಗುವಿಗಿಂತ ನನ್ನ ಆ ಮೌನ ದೊಡ್ಡ ತಪ್ಪು. ಏಳು ವರ್ಷದಿಂದ ಅದು ನನ್ನ ಹತ್ತಿರ ಇದೆ. ಈಗ ನಿನ್ನ ಹತ್ತಿರ ಕೊಟ್ಟಿದ್ದೇನೆ, ಏನು ಮಾಡಬೇಕೋ ಮಾಡು.

ಇನ್ನು, ನಿನ್ನೆ ಸಿಕ್ಕಿದ ಕಾಗದದಲ್ಲಿರುವ ನಿನ್ನ ಕಮಾನಿನ ಸಿದ್ಧಾಂತ. ಅರ್ಧ ಸರಿ, ಅರ್ಧ ಅಹಂಕಾರ. ಸಾಮಾನು ಸಾಲದ್ದಕ್ಕೆ ಎರಡು ಕಮಾನು ಬಂತು, ಒಪ್ಪಿದೆ. ಕೆಂಪು-ಬಿಳಿ ಹೇಗೆ ಬಂತು? ಅದಕ್ಕೂ ಸಾಮಾನು ಸಾಲಲಿಲ್ಲವೋ? ನೋಡಲು ಚೆಂದ ಇರಲಿ ಎಂದು ಯಾರೋ ಒಬ್ಬ ನಿಂತು ಯೋಚಿಸಿದ್ದಾನೆ, ಆ ಪುಣ್ಯಾತ್ಮನನ್ನು ನೀನು ಕಂಟ್ರಾಕ್ಟರನನ್ನಾಗಿ ಮಾಡಿದ್ದೀ. ಮೂರು ವಾರ ಟೇಪು ಹಿಡಿದವನು ಇದನ್ನು ನೋಡಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ. ಇದರ ಮೇಲೆ ಇನ್ನೂ ನಾಲ್ಕು ಪುಟ ಬರೆಯಬಹುದು. ಅದಕ್ಕೆ ನೀನು ಎಂಟು ಪುಟ ಬರೆಯುತ್ತೀ. ಅಬುಧಾಬಿಯಿಂದ ದುಬೈಗೆ ಕಾಗದಕ್ಕೆ ನಾಲ್ಕು ದಿನ, ಟ್ಯಾಕ್ಸಿಗೆ ಎರಡು ಗಂಟೆ. ನಮಗಿಬ್ಬರಿಗೂ ಐವತ್ತಾರು ಕಳೆಯಿತು.

ಮುಂದಿನ ವಾರದ ಗುರುವಾರ ಮಧ್ಯಾಹ್ನ ಕೆಲಸ ಮುಗಿದ ಕೂಡಲೇ ಹೊರಡು. ಅಗಾತಾಳನ್ನು ಕರೆದುಕೊಂಡು ಬಾ. ಮಲಗಲು ಜಾಗ ಇದೆ. ಲೈಲಾ ಕೋರಿರೊಟ್ಟಿ ಮಾಡುತ್ತಾಳೆ.

ಶುಕ್ರವಾರ ಬೆಳಿಗ್ಗೆ ನಿನ್ನ ಪೂಜೆ ತಪ್ಪಬಾರದು ಎಂದು ನಿನ್ನೆ ಸಂಜೆ ಇಲ್ಲಿಯ ಇಗರ್ಜಿಗೆ ಹೋಗಿ ಹೊತ್ತು ಕೇಳಿಕೊಂಡು ಬಂದೆ. ಕೊಂಕಣಿ ಪೂಜೆ ಎಂಟಕ್ಕೆ, ಇಂಗ್ಲಿಷ್ ಪೂಜೆ ಹತ್ತಕ್ಕೆ. ಎಂಟಕ್ಕೆ ಹೋದರೆ ಕಾರಿಗೆ ಜಾಗ ಸಿಗುತ್ತದಂತೆ. ಗೇಟಿನಲ್ಲಿ ನಿಂತು ನಾನು ಇದನ್ನೆಲ್ಲ ಕೇಳಿ ಬರೆದುಕೊಳ್ಳುವಾಗ ವಾಚ್‌ಮನ್ ನನ್ನ ಗಡ್ಡ, ಟೋಪಿ ನೋಡಿ, “ಯಾರಿಗೆ, ಚಾಚಾ?” ಎಂದ.

ಮನೆಗೆ ಬರುವವರಿಗೆ ಎಂದೆ.

ಯಾಕೂಬ್